ಓದುಗರ ಪ್ರಶ್ನೆ: ಮೊಮ್ಮಗ ‘ಪೀಸ್ ಆಫೀಸರ್’ ಆಗ್ತಾನಂತೆ, ಹಂಗಂದ್ರೆ ಪೊಲೀಸೇ ತಾನೆ?

ಹೋದ ಸಲ ಮಾತಿಗೆ ಮಾತು ಬಂದು ನಮ್ಮಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿ ಶೆರಿಫ್ ಡೆಪ್ಯುಟಿ (ಕೌಂಟಿ ಪೊಲೀಸ್ ಅನ್ನಿ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಆಗಿದಾನೆ ಅಂತ ಒಂದೇ ಒಂದು ಸಾಲು ಬರೆದಿದ್ದೆ, ಅದಕ್ಕೆ ಬಂದಿರೋ ಪತ್ರಗಳನ್ನ ನೋಡಿದ್ರೆ ನಮ್ಮೋರ ಮನೇಲಿ ಇಷ್ಟೊಂದು ಹುಡುಗ್ರು ಈ ಕೆಲಸಕ್ಕೆ ಆಸೆ ಪಡ್ತಿದಾರಾ ಅಂತ ಆಶ್ಚರ್ಯ ಆಯ್ತು. ಎಲ್ಲಾ ಹಾಕೋಕೆ ಜಾಗ ಇಲ್ಲ, ಐದು ಆರಿಸಿದೀನಿ. ಹೆಸರು ಯಾರದ್ದೂ ಹಾಕಿಲ್ಲ, ಹಾಕ್ಬೇಡಿ ಅಂತ ಅವರೇ ಕೇಳ್ಕೊಂಡಿದಾರೆ.

ಪ್ರಶ್ನೆ: ಮೇಡಂ, ಮೊಮ್ಮಗ ಅಮೆರಿಕದಿಂದ ಫೋನ್ ಮಾಡಿ ‘ಸರ್ಟಿಫೈಡ್ ಪೀಸ್ ಆಫೀಸರ್’ ಆಗ್ತೀನಿ ಅಂದ. ನಾನು ಯಾವುದೋ ವಿಶ್ವಸಂಸ್ಥೆ ಕೆಲಸ ಅಂದ್ಕೊಂಡು ವಾಕಿಂಗಿಗೆ ಬರೋ ಸ್ನೇಹಿತರಿಗೆಲ್ಲ ಹೇಳ್ಕೊಂಡು ಬಂದೆ. ಸೊಸೆ ನೋಡಿದ್ರೆ ಅದು ಪೊಲೀಸ್ ಕೆಲಸ ಮಾವ ಅಂತಾಳೆ. ಯಾವುದು ನಿಜ?
– ನಿವೃತ್ತ ಮೇಷ್ಟ್ರು, ಮೈಸೂರು

ಮೇಷ್ಟ್ರೇ, ಸೊಸೆ ಹೇಳಿದ್ದೇ ನಿಜ, ವಾಕಿಂಗ್ ಸ್ನೇಹಿತರಿಗೆ ಒಂದು ತಿದ್ದುಪಡಿ ಹೇಳ್ಬೇಕಾಗುತ್ತೆ. ಆದ್ರೆ ನಿಮ್ಮದೂ ಪೂರ್ತಿ ತಪ್ಪಲ್ಲ. ಇಲ್ಲಿ ಪೀಸ್ ಅಂದ್ರೆ ಸಾರ್ವಜನಿಕ ಶಾಂತಿ. ನಮ್ಮಲ್ಲಿ ಬದು ಜಗಳ ಜಾಸ್ತಿ ಆದಾಗ ‘107 ಹಾಕಿಸಿದ್ರು, ತಹಶೀಲ್ದಾರ್ ಮುಂದೆ ಬಾಂಡ್ ಬರ್ಕೊಟ್ಟು ಬಂದೆ’ ಅಂತಾರಲ್ಲ, ಈಗ ಹೊಸ ಸಂಹಿತೇಲಿ ಅದು 126 ಆಗಿದೆ, ಅದೂ ಶಾಂತಿ ಕಾಪಾಡ್ತೀನಿ ಅನ್ನೋ ಮುಚ್ಚಳಿಕೆನೇ. ಇಂಗ್ಲಿಷರ ಹಳೇ ಕಾನೂನಿನ ಮಾತು ಅದು, ನಮ್ಮಲ್ಲಿಗೂ ಬಂತು, ಅಮೆರಿಕಕ್ಕೂ ಹೋಯ್ತು. ಕ್ಯಾಲಿಫೋರ್ನಿಯಾದ ಪೀನಲ್ ಕೋಡಲ್ಲಿ 830ನೇ ಸೆಕ್ಷನ್ನಿಂದ ಶುರುವಾಗಿ ಯಾರ್ಯಾರು ಪೀಸ್ ಆಫೀಸರ್ ಅಂತ ಉದ್ದಕ್ಕೆ ಪಟ್ಟಿ ಇದೆ: ಊರಿನ ಪೊಲೀಸು, ಕೌಂಟಿಯ ಶೆರಿಫ್ ಮತ್ತೆ ಅವನ ಡೆಪ್ಯುಟಿಗಳು, ಹೈವೇ ಪೆಟ್ರೋಲ್, ಯೂನಿವರ್ಸಿಟಿ ಪೊಲೀಸು, ಮೀನು ಮತ್ತು ಕಾಡುಪ್ರಾಣಿ ಕಾಯೋ ವಾರ್ಡನ್ ತನಕ. ಅಂದ್ರೆ ಪೊಲೀಸ್ ಎಲ್ಲಾ ಪೀಸ್ ಆಫೀಸರ್, ಪೀಸ್ ಆಫೀಸರ್ ಎಲ್ಲಾ ಪೊಲೀಸ್ ಅಲ್ಲ.

ಇನ್ನು ‘ಸರ್ಟಿಫೈಡ್’ ಅನ್ನೋದು. ನಮ್ಮಲ್ಲಿ ಪಿಎಸ್‌ಐ ಅಂದ್ರೆ ಸರ್ಕಾರ ಒಂದು ನೋಟಿಫಿಕೇಷನ್ ಹೊರಡಿಸುತ್ತೆ, ರಾಜ್ಯದೋರೆಲ್ಲ ಒಂದೇ ಪರೀಕ್ಷೆ ಬರೀತಾರೆ, ನೇಮಕಾತಿ ಆದೇಶ ಬಂದ್ರೆ ಮುಗೀತು, ಪ್ರತ್ಯೇಕ ಲೈಸೆನ್ಸು ಅಂತ ಇಲ್ಲ. ಅಲ್ಲಿ ಉಲ್ಟಾ. ಕೆಲಸ ಕೊಡೋದು ಒಂದೊಂದು ಊರು, ಒಂದೊಂದು ಕೌಂಟಿ, ಅವರವರ ಪಾಡಿಗೆ ಅವರು. ಆದ್ರೆ ಕನಿಷ್ಠ ತರಬೇತಿ ಏನಿರ್ಬೇಕು, ಯಾರು ಅರ್ಹರು ಅಂತ ನಿಗದಿ ಮಾಡೋದು ರಾಜ್ಯದ ಒಂದು ಆಯೋಗ, 1959ರಲ್ಲಿ ಆಗಿದ್ದು, ಎಲ್ಲರೂ ಚಿಕ್ಕದಾಗಿ ‘ಪೋಸ್ಟ್’ ಅಂತಾರೆ (ನಮ್ಮ ಭಾವ ಮೊದಮೊದಲು ಮಗ ಪೋಸ್ಟಾಫೀಸಿಗೆ ಅರ್ಜಿ ಹಾಕಿದಾನೆ ಅಂದ್ಕೊಂಡಿದ್ರು). ಸರ್ಟಿಫಿಕೇಟ್ ಕೊಡೋದು ಆ ಆಯೋಗ. ತಮಾಷೆ ಅಂದ್ರೆ ಗಂಭೀರ ತಪ್ಪು ಮಾಡಿದೋರಿಂದ ಅದನ್ನ ವಾಪಸ್ ಕಿತ್ಕೊಳ್ಳೋ ಅಧಿಕಾರ ಬಹಳ ವರ್ಷ ಅವರಿಗೆ ಇರ್ಲಿಲ್ಲ, ಅಂಥ ಅಧಿಕಾರ ಇಲ್ಲದ ಕೆಲವೇ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾನೂ ಒಂದಾಗಿತ್ತು, ಒಂದೂರಲ್ಲಿ ಮನೆಗೆ ಕಳ್ಸಿದ್ರೆ ಪಕ್ಕದೂರಲ್ಲಿ ಸೇರ್ಕೊಳ್ಳೋಕೆ ದಾರಿ ಇತ್ತು. 2021ರಲ್ಲಿ ಎಸ್‌ಬಿ 2 ಅನ್ನೋ ಕಾನೂನು ಮಾಡಿದ್ರು, 2023ರಿಂದ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು. ಹಂಗಾಗಿ ಮೊಮ್ಮಗ ‘ಸರ್ಟಿಫೈಡ್’ ಅನ್ನೋದನ್ನ ಒತ್ತಿ ಹೇಳಿದ್ರೆ ಅದಕ್ಕೆ ಅರ್ಥ ಇದೆ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ ಇಪ್ಪತ್ತು ವರ್ಷದಿಂದ ಇದೀವಿ. ಒಬ್ಬನೇ ಮಗ, ಕಂಪ್ಯೂಟರ್ ಸೈನ್ಸ್ ಮುಗಿಸಿದ, ಈಗ ಪೊಲೀಸ್ ಅಕಾಡೆಮಿ ಸೇರ್ತೀನಿ ಅಂತಾನೆ. ಮೊದಲು ಸರ್ಟಿಫಿಕೇಟ್ ತಗೊಂಡು ಆಮೇಲೆ ಕೆಲಸ ಹುಡುಕ್ಬೇಕಾ, ಹೆಂಗೆ? ಅವನು ಸಣಕಲ, ಜಿಮ್ಮಿಗೂ ಹೋದೋನಲ್ಲ, ಫಿಸಿಕಲ್ಲಲ್ಲಿ ಫೇಲ್ ಆಗ್ತಾನೇನೋ ಅಂತ ಒಂದು ಕಡೆ ಆಸೆ ಬೇರೆ ಇದೆ ನಂಗೆ. ಬೈಕೋಬೇಡಿ.
– ಒಬ್ಬ ತಾಯಿ, ಫ್ರೀಮಾಂಟ್

ಅಕ್ಕಾ, ಬೈಯಲ್ಲ. ನಮ್ಮಕ್ಕನೂ ಇದೇ ಆಸೆ ಇಟ್ಕೊಂಡಿದ್ಲು, ದೇವರ ಮುಂದೆ ಹೇಳ್ಕೊಂಡೂ ಇದ್ಲು.

ಮೊದಲು ದಾರಿ ಹೇಳ್ತೀನಿ. ವಯಸ್ಸು 21 ಆಗಿರ್ಬೇಕು, 2022ಕ್ಕೆ ಮುಂಚೆ 18 ಇತ್ತು. ದಾರಿ ಎರಡಿದೆ. ಒಂದು, ಯಾವುದಾದ್ರೂ ಊರಿನ ಪೊಲೀಸ್ ಇಲಾಖೆನೋ ಶೆರಿಫ್ ಆಫೀಸೋ ರಿಕ್ರೂಟ್ ಅಂತ ತಗೊಂಡು ಅವರೇ ಅಕಾಡೆಮಿಗೆ ಕಳಿಸೋದು, ಆಗ ಕಲಿಯೋ ದಿನಗಳಿಗೂ ಸಂಬಳ ಬರುತ್ತೆ. ಇನ್ನೊಂದು, ಕಮ್ಯುನಿಟಿ ಕಾಲೇಜು ಥರದ ಕಡೆ ನಡೆಯೋ ಅಕಾಡೆಮಿಗೆ ಸ್ವಂತ ದುಡ್ಡು ಕಟ್ಟಿ ಸೇರೋದು, ಮುಗಿಸಿ ಮೂರು ವರ್ಷದೊಳಗೆ ಎಲ್ಲೂ ಕೆಲಸ ಸಿಗದಿದ್ರೆ ಮತ್ತೆ ಅರ್ಹತೆ ತೋರಿಸ್ಬೇಕಾಗುತ್ತೆ. ನಂಗೆ ಕೇಳಿದ್ರೆ ಮೊದಲನೇದೇ ಸರಿ, ಯಾಕಂದ್ರೆ ಕಷ್ಟದ ಜರಡಿ ಎಲ್ಲಾ ಅಕಾಡೆಮಿಗೆ ಮುಂಚೆನೇ ಆಗೋಗುತ್ತೆ, ದುಡ್ಡು ಸುರಿದ ಮೇಲೆ ಜರಡೀಲಿ ಬಿದ್ದೋಗೋ ಸಂಕಟ ಇರಲ್ಲ. ಮತ್ತೆ ಇನ್ನೊಂದು, ಅಕಾಡೆಮಿ ಮುಗಿಸಿದ ಕಾಗದನೇ ಪೀಸ್ ಆಫೀಸರ್ ಸರ್ಟಿಫಿಕೇಟ್ ಅಲ್ಲ. ಅಧಿಕಾರ ಬರೋದು ಒಂದು ಇಲಾಖೆ ನೇಮಕ ಮಾಡಿ ಪ್ರಮಾಣ ವಚನ ತಗೊಂಡಾಗ, ‘ಬೇಸಿಕ್ ಸರ್ಟಿಫಿಕೇಟ್’ ಅನ್ನೋದು ಆಮೇಲೆ ಪ್ರೊಬೇಷನ್ ಎಲ್ಲಾ ಮುಗಿದ ಮೇಲೆ.

ಬರಹದ ಪರೀಕ್ಷೆ ಒಂದಿದೆ, ಪೆಲೆಟ್‌ಬಿ ಅಂತಾರೆ, ಇಂಗ್ಲಿಷ್ ಓದಿ ಬರೆಯೋಕೆ ಬರುತ್ತಾ, ತರ್ಕ ಇದೆಯಾ ಅಂತ ನೋಡೋದು. ನಿಮ್ಮ ಮಗನಿಗೆ ಅದೇನೂ ಅಲ್ಲ ಬಿಡಿ.

ಫಿಸಿಕಲ್ ವಿಷಯ ನಿಮ್ಮ ಆಸೆಗೆ ತಣ್ಣೀರು ಎರಚ್ತೀನಿ. ಅಕಾಡೆಮಿ ಕೊನೇಲಿ ಇರೋ ಪರೀಕ್ಷೆ ಇಷ್ಟು: 99 ಗಜದ ಅಡೆತಡೆ ಓಟ, ಆರಡಿ ಎತ್ತರದ ಚೈನ್‌ಲಿಂಕ್ ಬೇಲಿ ಹತ್ತಿ ಇಳಿದು ಓಡೋದು, ಆರಡಿ ಗಟ್ಟಿ ಗೋಡೆ ಹಾರೋದು, 165 ಪೌಂಡಿನ ಬೊಂಬೆನ 32 ಅಡಿ ಎಳ್ಕೊಂಡು ಹೋಗೋದು, 500 ಗಜ ಓಟ. 165 ಪೌಂಡ್ ಅಂದ್ರೆ 75 ಕೆಜಿ, ಗಂಗಾವತಿ ಕಡೆ ಒಂದು ಚೀಲ ಭತ್ತ ಅಂದ್ರೆ ಎಷ್ಟೋ ಅಷ್ಟು. ನಮ್ಮ ಹುಡುಗನೂ ಸಣಕಲನೇ. ಶುರೂಲಿ ಗೋಡೆ ಹತ್ರ ಹೋಗಿ ಹಲ್ಲಿ ಥರ ಅಂಟ್ಕೊಂಡು ನಿಂತುಬಿಡ್ತಿದ್ನಂತೆ, ಆಮೇಲೆ ಯಾರೋ ಕೈಯಲ್ಲಿ ಎಳ್ಕೋಬೇಡ ಕಾಲಲ್ಲಿ ಒದಿ ಅಂದ್ರಂತೆ, ಗೋಡೇನ ಕಾಲಲ್ಲಿ ಒದ್ದು ಮೇಲೇಳೋದು, ಮೂರು ವಾರದಲ್ಲಿ ಬಂತು. ದೇಹ ಆರು ತಿಂಗಳಲ್ಲಿ ಬಗ್ಗುತ್ತೆ ಅಕ್ಕಾ. ಕಷ್ಟ ಆಗಿದ್ದು ಬೇರೆ.

ಬ್ಯಾಕ್‌ಗ್ರೌಂಡ್ ಅಂತಾರಲ್ಲ, ಹಿನ್ನೆಲೆ ತನಿಖೆ, ಅದು. ‘ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟ್’ ಅಂತ ಇಪ್ಪತ್ತು ಚಿಲ್ಲರೆ ಪುಟದ ಫಾರ್ಮು. ಹತ್ತು ವರ್ಷದಲ್ಲಿ ಎಲ್ಲೆಲ್ಲಿ ವಾಸ ಇದ್ದೆ, ಜತೆಗೆ ಯಾರಿದ್ರು, ಎಲ್ಲೆಲ್ಲಿ ಕೆಲಸ, ಯಾಕೆ ಬಿಟ್ಟೆ, ಸಾಲ ಎಷ್ಟು, ಎಷ್ಟು ಟ್ರಾಫಿಕ್ ಟಿಕೆಟ್ಟು, ಯಾವ ಮಾದಕ ವಸ್ತು ಮುಟ್ಟಿದೀಯ, ಎಲ್ಲಾ. ಆಮೇಲೆ ಒಬ್ಬ ತನಿಖಾಧಿಕಾರಿ ಕೂತು ಒಂದೊಂದೂ ಸಾಲನ್ನ ತಾಳೆ ನೋಡ್ತಾರೆ.

ನಮ್ಮ ಹುಡುಗ ಮೊದಲ ಸಲ ಒಂದೂರಿನ ಇಲಾಖೆಗೆ ಅರ್ಜಿ ಹಾಕ್ದಾಗ ಒಂದು ಅಡ್ರೆಸ್ಸು ಬಿಟ್ಟಿದ್ದ. ಕಾಲೇಜಲ್ಲಿದ್ದಾಗ ನಾಲ್ಕು ತಿಂಗಳು ಗರ್ಲ್‌ಫ್ರೆಂಡ್ ಜತೆ ಅಪಾರ್ಟ್‌ಮೆಂಟಲ್ಲಿದ್ದ, ಮನೇಲಿ ಡಾರ್ಮ್ (ಕಾಲೇಜ್ ಹಾಸ್ಟೆಲ್) ಅಂತ ಹೇಳಿದ್ದ. ಫಾರ್ಮಲ್ಲಿ ಬರೆದ್ರೆ ಅವರು ಅಪ್ಪ ಅಮ್ಮನ್ನ ಕೇಳ್ತಾರೆ, ಗೊತ್ತಾಗ್ಬಿಡುತ್ತೆ ಅಂತ ಬಿಟ್ಟ. ಕ್ರೆಡಿಟ್ ರಿಪೋರ್ಟಲ್ಲಿ ಆ ಅಡ್ರೆಸ್ಸು ಕೂತಿತ್ತು, ಮೊಬೈಲ್ ಬಿಲ್ ಅಲ್ಲಿಗೆ ಹೋಗ್ತಿತ್ತಲ್ಲ. ಎರಡು ಸಾಲಿನ ಕಾಗದ ಬಂತು, ನಿಮ್ಮ ಅರ್ಜಿ ಮುಂದುವರಿಸಲ್ಲ ಅಂತ. ಗರ್ಲ್‌ಫ್ರೆಂಡ್ ಜತೆ ಇದ್ದಿದ್ದು ಅವರಿಗೆ ಲೆಕ್ಕಕ್ಕೇ ಇಲ್ಲ, ಅಲ್ಲಿ ಅದನ್ನ ಯಾರು ಕೇಳ್ತಾರೆ. ಮುಚ್ಚಿಟ್ಟಿದ್ದೇ ಲೆಕ್ಕಕ್ಕೆ ಬಂದಿದ್ದು.

ಮುಂದಿನ ವರ್ಷ ಕೌಂಟಿಗೆ ಅರ್ಜಿ ಹಾಕ್ದಾಗ ನಾನು ಅಲ್ಲೇ ಇದ್ದೆ, ವೀಸಾ ಕೊಟ್ಟಷ್ಟು ದಿನ ಅಂತ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಿದೀವಿ, ಫಾರ್ಮು ತಟ್ಟೆ ಪಕ್ಕದಲ್ಲೇ ಇದೆ, ‘ಅಮ್ಮಾ ಇದನ್ನ ಬರೆಯೋಕ್ ಮುಂಚೆ ನಿಮಗೆ ಹೇಳ್ಬೇಕು’ ಅಂತ ಶುರು ಮಾಡಿ ಎಲ್ಲಾ ಹೇಳ್ದ. ಸಾರು ಬಡಿಸ್ತಿದ್ದ ಅಕ್ಕ ಸೌಟು ಹಿಡ್ಕೊಂಡು ಹಂಗೇ ನಿಂತ್ಲು, ಸಾರು ಹನಿ ಹನಿಯಾಗಿ ನನ್ನ ತಟ್ಟೇಗೆ ಬೀಳ್ತಿದೆ. ಭಾವ ಸ್ವಲ್ಪ ಹೊತ್ತು ಸುಮ್ನಿದ್ದು, ‘ಯಾವ ಪುಟದಲ್ಲಿ ಬರುತ್ತೆ ಅದು, ತೋರ್ಸು’ ಅಂದ್ರು. ಎಂಜಿನಿಯರ್ ಅಲ್ವಾ. ಹುಡುಗ ಬರ್ದ, ಹೋದ ಸಲ ಬಿಟ್ಟಿದ್ದೆ, ಅದಕ್ಕೇ ರಿಜೆಕ್ಟ್ ಆಯ್ತು ಅನ್ನೋದನ್ನೂ ಬರ್ದ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ನಾನೂ ಕೇಳಿದೆ ಅವನ್ನ. 1963ರಲ್ಲಿ ಬ್ರೇಡಿ ವರ್ಸಸ್ ಮೇರಿಲ್ಯಾಂಡ್ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂತು, ಆರೋಪಿಗೆ ಅನುಕೂಲ ಆಗೋ ಸಾಕ್ಷ್ಯನ ಪ್ರಾಸಿಕ್ಯೂಷನ್ ಬಚ್ಚಿಡೋ ಹಂಗಿಲ್ಲ ಅಂತ. ಆಮೇಲಾಮೇಲೆ ಅದು ಬೆಳೆದು, ಸಾಕ್ಷಿ ಹೇಳೋ ಪೊಲೀಸ್ ಹಿಂದೆ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ರೆ ಅದನ್ನೂ ಆರೋಪಿ ಕಡೆ ವಕೀಲರಿಗೆ ತಿಳಿಸ್ಬೇಕು ಅನ್ನೋ ಮಟ್ಟಕ್ಕೆ ಬಂದಿದೆ. ಅಂಥೋನು ಕಟಕಟೆ ಹತ್ತಿದ್ರೆ ವಕೀಲ ಬಿಡ್ತಾನಾ? ಕೇಸೇ ಬಿದ್ದೋಗುತ್ತೆ. ಸಾಕ್ಷಿ ಹೇಳೋಕಾಗದ ಪೊಲೀಸನ್ನ ಇಟ್ಕೊಂಡು ಇಲಾಖೆ ಏನ್ ಮಾಡ್ಬೇಕು.

ಇದಾದ್ಮೇಲೆ ಮೆಡಿಕಲ್ಲು, ಸೈಕಾಲಜಿಸ್ಟ್ ಹತ್ರ ಮಾತುಕತೆ, ಜನಾಂಗ ಧರ್ಮದ ಬಗ್ಗೆ ಪೂರ್ವಗ್ರಹ ಇದೆಯಾ ಅನ್ನೋದನ್ನೂ ಅಲ್ಲಿ ನೋಡ್ತಾರೆ. ಆಮೇಲೆ ಅಕಾಡೆಮಿ. ಆಯೋಗದ ಲೆಕ್ಕದಲ್ಲಿ ಕನಿಷ್ಠ 664 ಗಂಟೆ, ಎಷ್ಟೋ ಅಕಾಡೆಮಿಗಳು ಅದಕ್ಕಿಂತ ಜಾಸ್ತಿನೇ ನಡೆಸ್ತವೆ, ಆರು ತಿಂಗಳ ಹತ್ರ ಅಂದ್ಕೊಳ್ಳಿ. ಗನ್ನು, ಗಾಡಿ ಓಡ್ಸೋದು, ಕಾನೂನು, ಫಸ್ಟ್ ಏಡು ಎಲ್ಲಾ ಇರುತ್ತೆ. ಅಶ್ರುವಾಯು ಥರದ್ದನ್ನ ಒಂದಿನ ಅವರ ಮೇಲೇ ಬಿಟ್ಟು ಅನುಭವ ಮಾಡಿಸ್ತಾರೆ, ಎಲ್ಲರೂ ಕೆಮ್ಮಿ ಮೂಗು ಸುರಿಸ್ಕೊಂಡು ನಿಂತಿದ್ರೆ ಇವನು ಮನೇಲಿ ಅಜ್ಜಿ ಒಣಮೆಣಸಿನಕಾಯಿ ಹುರಿದಂಗೇ ಇತ್ತು ಅಂದ, ಬಡಾಯಿ ಇರ್ಬಹುದು. ತುಂಬಾ ಜನ ಒದ್ದಾಡೋದು ರಿಪೋರ್ಟ್ ಬರೆಯೋದ್ರಲ್ಲಿ, ಯಾರು ಎಲ್ಲಿ ನಿಂತಿದ್ರು ಏನಂದ್ರು ಅಂತ ಕೋರ್ಟಲ್ಲಿ ನಿಲ್ಲೋ ಹಂಗೆ ಬರೀಬೇಕು, ನಿಮ್ಮ ಮಗ ಸಿಎಸ್ ಓದಿರೋದು ಅಲ್ಲಿ ಉಪಯೋಗಕ್ಕೆ ಬರಲ್ಲ. ಅಕಾಡೆಮಿ ಮುಗಿದ್ಮೇಲೆ ಕನಿಷ್ಠ 10 ವಾರ ಹಿರಿಯ ಅಧಿಕಾರಿ ಪಕ್ಕದಲ್ಲಿ ಕೂತು ಗಸ್ತು, ಅವರು ದಿನಾ ಅಂಕ ಹಾಕ್ತಾರೆ.

ಭಯದ ಬಗ್ಗೆ ನೀವು ಬರೆದಿಲ್ಲ, ಆದ್ರೆ ಸಾಲುಗಳ ಮಧ್ಯೆ ಇದೆ. ನಾನು ಭಯ ಇಲ್ಲ ಅಂತ ಹೇಳಲ್ಲ. 2018ರ ಕ್ರಿಸ್‌ಮಸ್ ಮಾರನೇ ದಿನ ನಿಮ್ಮ ರಾಜ್ಯದ್ದೇ ನ್ಯೂಮನ್ ಅನ್ನೋ ಸಣ್ಣೂರಲ್ಲಿ ರೊನಿಲ್ ಸಿಂಗ್ ಅಂತ ಫಿಜಿಯಿಂದ ಬಂದು ಪೊಲೀಸ್ ಆಗಿದ್ದ ಹುಡುಗ ಗಾಡಿ ನಿಲ್ಲಿಸಿದಾಗ ಗುಂಡು ತಿಂದು ಹೋಗ್ಬಿಟ್ಟ, ಆ ಸುದ್ದಿ ನಿಮಗೂ ಗೊತ್ತಿರುತ್ತೆ. ನಮ್ಮಕ್ಕ ಈಗಲೂ ಮಗ ನೈಟ್ ಶಿಫ್ಟ್ ಮುಗಿಸಿ ‘ಹೋಮ್’ ಅಂತ ಒಂದು ಪದ ಮೆಸೇಜ್ ಮಾಡೋ ತನಕ ಫೋನ್ ದಿಂಬಿನ ಕೆಳಗೆ ಇಟ್ಕೊಂಡಿರ್ತಾಳೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಪ್ರಶ್ನೆ: ವಯಸ್ಸು 36, ಗ್ರೀನ್ ಕಾರ್ಡ್ ಬಂದು ಒಂದು ವರ್ಷ, ಲೇಆಫ್ ಆಗಿ ನಾಲ್ಕು ತಿಂಗಳು. ಪಿಯುಸಿ ಮತ್ತೆ ಬಿಇ ಎರಡೂ ಕರ್ನಾಟಕದಲ್ಲೇ ಮಾಡಿದ್ದು. ಚಿಕ್ಕೋನಿದ್ದಾಗಿಂದ ಪೊಲೀಸ್ ಆಸೆ. ಸಿಟಿಜನ್ ಆಗ್ಲೇಬೇಕಾ? ವಯಸ್ಸು ಮೀರಿತಾ? ಸಂಬಳ ಹೆಂಗೆ?
– ಸನಿವೇಲ್

ತಮ್ಮಾ, ಸಿಟಿಜನ್ ಆಗಿರ್ಬೇಕು, ಇಲ್ಲಾ ಗ್ರೀನ್ ಕಾರ್ಡ್ ಇದ್ದು ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕಿರ್ಬೇಕು ಅನ್ನೋದು ಹಳೇ ನಿಯಮ. 2022ರ ಎಸ್‌ಬಿ 960 ಕಾನೂನು ಅದನ್ನ ತೆಗೀತು, 2023ರ ಜನವರಿ 1ರಿಂದ ಅಲ್ಲಿ ಕೆಲಸ ಮಾಡೋಕೆ ಕಾನೂನುಬದ್ಧ ಅನುಮತಿ ಇದ್ರೆ ಸಾಕು. ಗ್ರೀನ್ ಕಾರ್ಡ್ ಇರೋದ್ರಿಂದ ನಿಂಗೆ ದಾರಿ ತೆಗೆದಿದೆ. ಎಚ್‌1ಬಿ ಥರ ವೀಸಾದಲ್ಲಿರೋ ಸ್ನೇಹಿತರಿಗೆ ಇದನ್ನ ಫಾರ್ವರ್ಡ್ ಮಾಡ್ಬೇಡ, ಅಂಥ ವೀಸಾದೋರು ಗನ್ ಇಟ್ಕೊಳ್ಳೋದಕ್ಕೇ ಫೆಡರಲ್ ಕಾನೂನಿನ ಅಡ್ಡಿ ಇದೆ, ಸುಮ್ನೆ ಆಸೆ ಹುಟ್ಟುತ್ತೆ. ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು ಮತ್ತೆ, ಬೇರೆ ರಾಜ್ಯಕ್ಕೆ ಬೇರೆ ನಿಯಮ.

ವಯಸ್ಸಿಗೆ ಆಯೋಗದ ನಿಯಮದಲ್ಲಿ ಮೇಲ್ಮಿತಿ ಇಲ್ಲ, ಕೆಲವು ಇಲಾಖೆ ತಮ್ಮದೇ ಮಿತಿ ಇಟ್ಕೊಂಡಿರುತ್ತೆ, ನೋಡ್ಕೋ.

ನಿಂಗೆ ನಿಜವಾಗ್ಲೂ ಸಿಕ್ಕಾಕೊಳ್ಳೋದು ಓದಿನಲ್ಲಿ, ನಗು ಬರುತ್ತೆ ಕೇಳಿದ್ರೆ. ಅಲ್ಲಿ ಬೇಕಿರೋದು ಬರೀ ಹೈಸ್ಕೂಲು, ಆದ್ರೆ ಆ ಹೈಸ್ಕೂಲಿಗೋ ಕಾಲೇಜಿಗೋ ಅಮೆರಿಕದ ಮಾನ್ಯತೆ ಇರ್ಬೇಕು. ನಮ್ಮ ಪಿಯುಸಿ, ವಿಟಿಯು ಬಿಇ ಆ ಲೆಕ್ಕಕ್ಕೆ ಬರಲ್ಲ. ಅಮೆರಿಕದಲ್ಲಿ ಎಂಎಸ್ ಮಾಡಿದ್ರೆ ಮುಗೀತಿತ್ತು, ಇಲ್ದಿದ್ರೆ ಜಿಇಡಿ ಅನ್ನೋ ಹೈಸ್ಕೂಲ್ ಸಮಾನ ಪರೀಕ್ಷೆ ಬರೀಬೇಕು. ಬಿಇ ಮಾಡಿ ಹತ್ತು ವರ್ಷ ಕೋಡ್ ಬರೆದೋನು ಕೂತು ಹೈಸ್ಕೂಲ್ ಗಣಿತ ಬರೆಯೋದು. ಬರ್ದುಬಿಡು, ಏನಾಗುತ್ತೆ.

ಹತ್ತು ವರ್ಷದ ವಿಳಾಸ ಅಂದ್ನಲ್ಲ, ನಿಂದು ಊರಿನ ವಿಳಾಸನೂ ಅದರಲ್ಲಿ ಬರಬಹುದು. ‘ಮಾರಮ್ಮನ ಗುಡಿ ಹಿಂದೆ, ಹಳೇ ಗಿರಣಿ ಪಕ್ಕ’ ಅಂತ ಬರೆದ್ರೆ ತನಿಖಾಧಿಕಾರಿ ಪಾಪ ಗೂಗಲ್ ಮ್ಯಾಪಲ್ಲಿ ಎಲ್ಲಿ ಹುಡುಕ್ಬೇಕು. ಪಿನ್ ಕೋಡ್ ಸಮೇತ ಸರಿಯಾಗಿ ಬರಿ, ಆಗ ನಿನ್ನ ಬಲ್ಲೋರು ಒಬ್ಬಿಬ್ಬರ ನಂಬರ್ ಕೊಡು. ಭಾರತದ ಪೊಲೀಸ್ ಕ್ಲಿಯರೆನ್ಸ್ ಕೇಳಿದ್ರೆ ಕಾನ್ಸುಲೇಟ್ ಮೂಲಕ ಸಿಗುತ್ತೆ, ಅದಕ್ಕೆ ಟೈಮ್ ಹಿಡಿಯುತ್ತೆ, ಮೊದಲೇ ಹಾಕ್ಬಿಡು.

ಸಂಬಳ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ) ಎಷ್ಟೋ ಊರಲ್ಲಿ ಶುರೂಲೇ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟುತ್ತೆ. ಐಟಿ ಷೇರಿನ ಥರ ಹಾರಲ್ಲ, ಬೀಳೋದೂ ಇಲ್ಲ. ಪಿಂಚಣಿ 2013ರ ಮೇಲೆ ಸೇರಿದೋರಲ್ಲಿ ಸುಮಾರು ಜನಕ್ಕೆ 57ನೇ ವಯಸ್ಸಿಗೆ ಬಿಟ್ರೆ ಸೇವೆಯ ಒಂದೊಂದು ವರ್ಷಕ್ಕೆ 2.7 ಪರ್ಸೆಂಟ್, ನೀನು 38ಕ್ಕೆ ಸೇರಿದ್ರೆ 19 ವರ್ಷ, ಅಂದ್ರೆ ಸಂಬಳದ ಅರ್ಧ. ಮತ್ತೆ ಐಟಿ ಕೆಲಸ ಸಿಕ್ಕಿ, ಅದನ್ನ ಬಿಡದೇನೇ ಆಸೆ ತೀರಿಸ್ಕೋಬೇಕು ಅಂದ್ರೆ ರಿಸರ್ವ್ ಆಫೀಸರ್ ಅಂತ ಇದೆ, ಬಿಡುವಿನಲ್ಲಿ ಮಾಡೋ ಪೊಲೀಸ್ ಕೆಲಸ, ತರಬೇತಿನ ಭಾಗ ಭಾಗವಾಗಿ ಸಂಜೆ, ವೀಕೆಂಡಲ್ಲಿ ಮಾಡಬಹುದು. ಲೇಆಫ್ ಸಿಟ್ಟಲ್ಲಿ ಈ ಕಡೆ ನೋಡ್ತಿದೀಯೇನೋ ಅಂತ ನಂಗೊಂದು ಅನುಮಾನ, ಅದಕ್ಕೇ ಹೇಳಿದೆ.

ಪ್ರಶ್ನೆ: ನಾವು ಪಕ್ಕಾ ಸಸ್ಯಾಹಾರಿಗಳು. ಅಕಾಡೆಮೀಲಿ ಊಟಕ್ಕೆ ಏನ್ ಮಾಡೋದು?
– ಸ್ಯಾನ್ ರಮೋನ್

ಸುಮಾರು ಅಕಾಡೆಮಿಗಳಲ್ಲಿ ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರೋದು, ಡಬ್ಬಿ ಕಟ್ಟಿ. ಹೈವೇ ಪೆಟ್ರೋಲ್ ಅಕಾಡೆಮಿ ವೆಸ್ಟ್ ಸ್ಯಾಕ್ರಮೆಂಟೊದಲ್ಲಿದೆ, ಅಲ್ಲೇ ಉಳ್ಕೊಂಡು ಕಲೀಬೇಕು, ಅಲ್ಲಿಗಾದ್ರೆ ಮೊದಲೇ ವಿಚಾರಿಸಿ. ನಮ್ಮ ಹುಡುಗ ಮೊಸರನ್ನ ತಿಂದ್ಕೊಂಡೇ ಆ ಬೊಂಬೆ ಎಳೆದಿದ್ದು.

ಪ್ರಶ್ನೆ: ತಂಗಿ ಮಗನ ಬಗ್ಗೆ ವಿಚಾರಿಸ್ಬೇಕು ಅಂತ ಅಮೆರಿಕದಿಂದ ಒಬ್ಬರು ಫೋನ್ ಮಾಡಿ ‘ನಾನು ಪೊಲೀಸ್ ಇಲಾಖೆಯವನು’ ಅಂದ್ರು. ಡಿಜಿಟಲ್ ಅರೆಸ್ಟ್ ಅಂತ ದಿನಾ ಪೇಪರಲ್ಲಿ ಬರ್ತಿದೆಯಲ್ಲ, ಬೈದು ಇಟ್ಟುಬಿಟ್ಟೆ. ಆಮೇಲೆ ತಂಗಿ ಅಳ್ತಾ ಫೋನ್ ಮಾಡಿದ್ಲು. ಈಗೇನ್ ಮಾಡ್ಲಿ, ಏನಂತ ಹೇಳ್ಬೇಕು?
– ದಾವಣಗೆರೆ

ಅಯ್ಯೋ ಸಾರ್, ಬೈದಿದ್ದು ತಪ್ಪಲ್ಲ, ಈ ಕಾಲದಲ್ಲಿ ಅಷ್ಟು ಹುಷಾರಾಗಿರೋದೇ ಒಳ್ಳೇದು. ತಂಗಿ ಮಗನ ಹತ್ರ ಆ ತನಿಖಾಧಿಕಾರಿಯ ಆಫೀಸ್ ಮೇಲ್ ಐಡಿ ಇಸ್ಕೊಂಡು ನೀವೇ ಒಂದು ಮೇಲ್ ಹಾಕಿ, ಇಲ್ಲಿ ಇಂಥ ಮೋಸದ ಫೋನ್ ಜಾಸ್ತಿ ಅದಕ್ಕೆ ಹಂಗೆ ಮಾತಾಡಿದೆ ಅಂತ. ಅರ್ಥ ಮಾಡ್ಕೋತಾರೆ. ನಿಜವಾದ ತನಿಖೆಯೋರು ದುಡ್ಡು, ಓಟಿಪಿ ಕೇಳಲ್ಲ, ಕೇಳಿದ್ರೆ ಮತ್ತೆ ಬೈದು ಇಟ್ಟುಬಿಡಿ.

ಏನ್ ಹೇಳ್ಬೇಕು ಅಂದ್ರೆ, ಗೊತ್ತಿರೋದನ್ನ ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ನಾವು ಸಂಬಂಧ ನೋಡೋಕೆ ಬಂದೋರ ಮುಂದೆ ಹೇಳೋ ಥರ ‘ಹುಡುಗ ಚಿನ್ನ, ಒಂದು ಕೆಟ್ಟ ಚಟ ಇಲ್ಲ’ ಅಂತ ಶುರು ಮಾಡ್ಕೋಬೇಡಿ. ನಮ್ಮ ಭಾವ ಅದೇ ಮಾಡಿದ್ದು. ತನಿಖಾಧಿಕಾರಿ ಮನೆಗೆ ಬಂದಿದ್ರು, ಭಾವ ಖುದ್ದಾಗಿ ಫಿಲ್ಟರ್ ಕಾಫಿ ಮಾಡಿ ಸ್ಟೀಲ್ ಲೋಟದಲ್ಲಿ ತಂದಿಟ್ಟು, ‘ನನ್ನ ಮಗ ಇವತ್ತಿನ ತನಕ ಒಂದು ಟ್ರಾಫಿಕ್ ಟಿಕೆಟ್ಟೂ ತಗೊಂಡೋನಲ್ಲ’ ಅಂದ್ರು, ಎದೆ ಉಬ್ಬಿಸ್ಕೊಂಡು. ಆಯಮ್ಮ ಫೈಲ್ ತಿರುವಿ ನೋಡಿ ‘ಅವರೇ ಎರಡು ಅಂತ ಬರ್ದಿದಾರಲ್ಲ’ ಅಂದ್ರು. ಭಾವನ ಮುಖ ನೋಡ್ಬೇಕಿತ್ತು. ಅಡುಗೆಮನೇಲಿ ಅಕ್ಕ ಸಿಂಕಿನ ನಲ್ಲಿ ಜೋರಾಗಿ ಬಿಟ್ಕೊಂಡು ನಗ್ತಾ ಇದ್ಲು. ಹುಡುಗ ತಾನೇ ಬರ್ದಿದ್ರಿಂದ ಬಚಾವ್.

ಅವತ್ತಿಂದ ಭಾವ ಯಾರು ಮಗನ ಬಗ್ಗೆ ಕೇಳಿದ್ರೂ ‘ಎರಡು ಟಿಕೆಟ್, ಒಂದು ಸ್ಪೀಡಿಂಗು, ಒಂದು ಸ್ಟಾಪ್ ಸೈನು’ ಅಂತಲೇ ಶುರು ಮಾಡ್ತಾರೆ. ಮೊನ್ನೆ ತುಮಕೂರಿಂದ ಹೆಣ್ಣಿನ ಕಡೆಯೋರು ಫೋನ್ ಮಾಡಿದಾಗಲೂ ಅದನ್ನೇ ಹೇಳಿದಾರೆ.